ಆಂಟಿವೈರಸ್‌ನಾಗ ದಿನಾ ಫುಲ್ ಸ್ಕ್ಯಾನ್ ಹಾಕಬೇಕೇನ್ರಿ? ಕಂಪ್ಯೂಟರ್ ಭಾಳ ಸ್ಲೋ ಆಗ್ತದ

ದಿನಾ ಬ್ಯಾಡ್ರಿ, ಫುಲ್ ಸ್ಕ್ಯಾನ್ ವಾರಕ್ಕ 1 ಸಲ ಸಾಕು, ಆದ್ರ ರಿಯಲ್-ಟೈಮ್ ಪ್ರೊಟೆಕ್ಷನ್ ಅಂತ ಸೆಟ್ಟಿಂಗ್ ಇರ್ತದಲ್ಲ ಅದನ್ನ ಮಾತ್ರ ಆಫ್ ಮಾಡಬ್ಯಾಡ್ರಿ. ಯಾಕಂದ್ರ ನೀವು ಯಾವುದೇ ಫೈಲ್ ತೆರದ್ರೂ, ಡೌನ್‌ಲೋಡ್ ಮಾಡಿದ್ರೂ ಅದು ಅಲ್ಲೇ ಆಗಿಂದಾಗ ಚೆಕ್ ಮಾಡ್ತದ. ಫುಲ್ ಸ್ಕ್ಯಾನ್ ಅಂದ್ರ ಸುಮ್ಮನ ಬಿದ್ದಿರೋ ಹಳೇ ಫೈಲೆಲ್ಲಾ ಒಂದೊಂದಾಗಿ ಓದೋದು, ಅದಕ್ಕೇ ಮಷಿನ್ ಎಳೀತದ.

ನಮ್ಮ ಕಡೆ ದೊಡ್ಡ ಕಾಟ ಪೆನ್‌ಡ್ರೈವ್‌ದು. ಕಲಬುರಗಿಯಾಗ ಒಂದು ಝೆರಾಕ್ಸ್ ಅಂಗಡಿಗೆ ಹಾಲ್ ಟಿಕೆಟ್ ಪ್ರಿಂಟ್ ತಗಸ್ಲಿಕ್ಕ ಕೊಟ್ಟು ತಂದೆ, ಮನಿಗೆ ಬಂದು ನೋಡಿದ್ರ ಫೋಲ್ಡರೆಲ್ಲಾ ಶಾರ್ಟ್‌ಕಟ್ ಆಗಿದ್ವು, ಅದು ವೈರಸ್ಸೇ! ವಿಂಡೋಸ್ ಜೊತಿಗೇ ಬರೋ ಆಂಟಿವೈರಸ್ ವಿಂಡೋಸ್ ಡಿಫೆಂಡರ್, ಅದರ ಫುಲ್ ಸ್ಕ್ಯಾನ್‌ನಾಗ ನಾವು ಸೆಟ್ಟಿಂಗ್ ಬದಲಿಸದೇ ಪೆನ್‌ಡ್ರೈವ್ ಸೇರಂಗಿಲ್ಲ, ಹಂಗಾಗಿ ಹಚ್ಚಿದ ಕೂಡ್ಲೇ ಅದರ ಮ್ಯಾಲ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಒತ್ತ್ರಿ, ಆಮ್ಯಾಲೇ ತೆರೀರಿ.

ಮತ್ತ 2 ಆಂಟಿವೈರಸ್ ಹಾಕಿದ್ರ ಡಬಲ್ ಸೇಫ್ ಅಂತ ಕೆಲವರು ತಿಳೀತಾರ, ಎರಡೂ ಒಂದೇ ಫೈಲಿಗೆ ಕೈ ಹಾಕಿ ಜಗಳಾಡ್ತಾವ, ಒಂದನ್ನ ತೆಗೀರಿ. ವಾರದ ಸ್ಕ್ಯಾನ್ ಟೈಮ್ ಮಧ್ಯಾಹ್ನ ಊಟದ ಹೊತ್ತಿಗೆ ಇಡ್ರಿ, ರಾತ್ರಿ 2ಕ್ಕ ಇಟ್ಟು ಕಂಪ್ಯೂಟರ್ ಬಂದ್ ಮಾಡಿ ಮಲಗಿದ್ರ ಆ ಹೊತ್ತಿಗೆ ಅದು ಓಡೋದೇ ಇಲ್ಲ.