ಚಿತ್ರಕಲೆ: ಓದುಗರ ಪ್ರಶ್ನೆಗಳು

ಪ್ರಶ್ನೆ: ಇಂಗ್ಲೆಂಡಿನ ಹಳೆಯ ಅರಮನೆ, ಬಂಗಲೆಗಳಲ್ಲಿ ಆಫ್ರಿಕಾ ಮೂಲದ ಐತಿಹಾಸಿಕ ವ್ಯಕ್ತಿಗಳ ಭಾವಚಿತ್ರಗಳನ್ನು ಹಿಂದಿನ ಯುರೋಪಿಯನ್ ಶೈಲಿಯಲ್ಲಿ ಹೊಸದಾಗಿ ಬರೆಸಿ ಇಡುತ್ತಿದ್ದಾರೆಂದು ಓದಿದೆ. ಅಂದು ಇಲ್ಲದ ಚಿತ್ರವನ್ನು ಇಂದು ಬರೆಸುವುದು ಇತಿಹಾಸವನ್ನು ತಿದ್ದಿದಂತಲ್ಲವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಹೊಸ ಚಿತ್ರವನ್ನು ಹಳೆಯದೆಂದು ನಂಬಿಸಿದ್ದರೆ ನಿಮ್ಮ ಆಕ್ಷೇಪ ಸರಿಯಾಗುತ್ತಿತ್ತು. ಇಂಗ್ಲೆಂಡಿನ ಐತಿಹಾಸಿಕ ತಾಣಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಇವನ್ನು ಇಂದಿನ ಕಲಾವಿದರ ಕೃತಿಗಳೆಂದು ಹೇಳಿಯೇ ಪ್ರದರ್ಶಿಸಿದೆ.

ಹಳೆಯ ಚಿತ್ರಗಳೂ ಇದ್ದುದನ್ನು ಇದ್ದಂತೆ ತೋರಿಸಿದವಲ್ಲ ಎಂಬುದನ್ನು ಗಮನಿಸಬೇಕು. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿರುವ, ಫ್ರೆಂಚ್ ಚಿತ್ರಕಾರ ಪಿಯೆರ್ ಮಿನ್ಯಾರ್ 1682ರಲ್ಲಿ ಬರೆದ, ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ನ ಪ್ರೇಯಸಿಯಾಗಿದ್ದ ಪೋರ್ಟ್ಸ್‌ಮತ್ ಡಚೆಸ್‌ಳ ಭಾವಚಿತ್ರದಲ್ಲಿ ಮುತ್ತು, ಹವಳಗಳನ್ನು ಹಿಡಿದು ಒಡತಿಯತ್ತ ಮುಖವೆತ್ತಿ ನಿಂತಿರುವ ಕಪ್ಪು ಬಾಲಕಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಆಕೆ ಅಲ್ಲಿರುವುದು ಒಡತಿಯ ಸಿರಿಯನ್ನೂ ಮೈಬಣ್ಣವನ್ನೂ ಎತ್ತಿ ತೋರಿಸುವುದಕ್ಕಾಗಿ. ಅದೇ ಶತಮಾನದಲ್ಲಿ ಇಂಗ್ಲೆಂಡಿನ ಕರ್ಬಿ ಹಾಲ್ ಎಂಬ ಬಂಗಲೆಯ ಹ್ಯಾಟನ್ ಮನೆತನದ ಸೇವೆಯಲ್ಲಿದ್ದ ಜೇಮ್ಸ್ ಚಾಪೆಲ್, 1672ರಲ್ಲಿ ಸಿಡಿಲು ಬಡಿದು ಗರ್ನ್‌ಸಿ ದ್ವೀಪದ ಕೋಟೆಯ ಮದ್ದಿನ ಮನೆ ಸ್ಫೋಟಗೊಂಡಾಗ ಯಜಮಾನ ಕ್ರಿಸ್ಟೋಫರ್ ಹ್ಯಾಟನ್‌ನ ಪ್ರಾಣ ಉಳಿಸಿದರು. ಅಂಥ ಚಾಪೆಲ್ ಅವರನ್ನು 2021ರಲ್ಲಿ ಕಲಾವಿದೆ ಗ್ಲೋರಿ ಸಂಜೋಲಿ ಚಿತ್ರಿಸಿದರು. ಯಜಮಾನರಿಗೆ ಮಾತ್ರ ಮೀಸಲಾಗಿದ್ದ ಚೌಕಟ್ಟಿನ ನಡುಭಾಗವನ್ನು ಅದೇ ಶೈಲಿಯಲ್ಲಿ ಇವರಿಗೆ ಬಿಟ್ಟುಕೊಡುವುದು ನ್ಯಾಯವೆಂದೇ ನಾನು ದೃಢವಾಗಿ ನಂಬುತ್ತೇನೆ.

ಎಲ್ಲವೂ ಕಲ್ಪನೆಯಿಂದ ಹುಟ್ಟಿದ್ದಲ್ಲ. ವಿಕ್ಟೋರಿಯಾ ರಾಣಿ ಧರ್ಮಪುತ್ರಿಯಾಗಿ ಸ್ವೀಕರಿಸಿದ್ದ ಪಶ್ಚಿಮ ಆಫ್ರಿಕಾದ ಸಾರಾ ಫೋರ್ಬ್ಸ್ ಬೊನೆಟ್ಟಾ ಅವರ ಮದುವೆಯ ವರ್ಷವಾದ 1862ರಲ್ಲಿ ಕ್ಯಾಮಿಲ್ ಸಿಲ್ವಿ ತೆಗೆದ ಫೋಟೊ ಇಂದಿಗೂ ಇದೆ. ಕಲಾವಿದೆ ಹನ್ನಾ ಉಝೋರ್ ಅದನ್ನೇ ಆಧಾರವಾಗಿಟ್ಟುಕೊಂಡು ಬರೆದ ಚಿತ್ರವನ್ನು 2020ರಲ್ಲಿ ರಾಣಿಯ ಆಸ್ಬೋರ್ನ್ ನಿವಾಸದಲ್ಲಿ ಪ್ರದರ್ಶಿಸಲಾಯಿತು.

ಪ್ರಶ್ನೆ: ನಮ್ಮ ಹಳೆಯ ಚಿತ್ರಗಳಲ್ಲಿ ಆಫ್ರಿಕಾ ಮೂಲದವರಿಗೆ ಗೌರವದ ಸ್ಥಾನವಿತ್ತೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ನಿಮ್ಮ ಊರಿನಲ್ಲೇ ಇತ್ತು. ಆದಿಲ್‌ಶಾಹಿ ಆಸ್ಥಾನದಲ್ಲಿ ಹಬ್ಶಿ (ಪೂರ್ವ ಆಫ್ರಿಕಾದ) ಮೂಲದ ಇಖ್ಲಾಸ್ ಖಾನ್ ಪ್ರಬಲ ಮಂತ್ರಿಯಾಗಿದ್ದರು. ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬ ಚಿತ್ರಕಾರರು ಸುಮಾರು 1645ರಲ್ಲಿ ರಚಿಸಿದ ಚಿಕಣಿ ವರ್ಣಚಿತ್ರದಲ್ಲಿ ಅವರು ಸುಲ್ತಾನ ಮುಹಮ್ಮದ್ ಆದಿಲ್ ಶಾಹನೊಂದಿಗೆ ಒಂದೇ ಆನೆಯ ಮೇಲೆ ಕುಳಿತಿದ್ದಾರೆ.