ಉಗ್ರಪ್ಪನೋರು ಬಳ್ಳಾರಿ ಎಂಪಿ ಆಗಿದ್ದು ಆರೇಳು ತಿಂಗಳು ಅಷ್ಟೇ, ಯಾಕೆ?

ಯಾಕಂದ್ರ ವಿ.ಎಸ್. ಉಗ್ರಪ್ಪನೋರು ಗೆದ್ದಿದ್ದು ಬೈ ಎಲೆಕ್ಷನ್‌ನಾಗ. ಬೈ ಎಲೆಕ್ಷನ್‌ನಾಗ ಗೆದ್ದೋರಿಗೆ ಹೊಸದಾಗಿ ಐದು ವರ್ಷ ಸಿಗಂಗಿಲ್ಲ, ಮೊದಲಿನವರು ಬಿಟ್ಟುಹೋದ ಅವಧಿಯಾಗ ಎಷ್ಟು ಉಳಿದಿರ್ತೈತೋ ಅಷ್ಟೇ.

2014ರಾಗ ಇಲ್ಲಿ ಎಂಪಿ ಆಗಿದ್ದ ಶ್ರೀರಾಮುಲು 2018ರ ಮೇನಾಗ ಮೊಳಕಾಲ್ಮೂರಿಂದ ಎಂಎಲ್ಎ ಆದ್ರು, ಎರಡೂ ಕಡೆ ಇರಂಗಿಲ್ಲಲ್ಲ, ಅದಕ್ಕ ಎಂಪಿ ಸ್ಥಾನಕ್ಕ ರಾಜೀನಾಮೆ ಕೊಟ್ರು. ಇನ್ನೊಂದು ವರ್ಷಕ್ಕ ಹೆಂಗೂ ಎಲೆಕ್ಷನ್ ಇತ್ತು, ಮತ್ಯಾಕ ಖರ್ಚು ಅಂತ ಆಗ ಭಾಳ ಮಂದಿ ಕೇಳಿದ್ರು. ಆದ್ರ ಕಾನೂನು ಹೇಳೋದು ಏನಂದ್ರ ಸ್ಥಾನ ಖಾಲಿ ಆದಾಗ ಒಂದು ವರ್ಷ ಇಲ್ಲಾ ಅದಕ್ಕಿಂತ ಜಾಸ್ತಿ ಅವಧಿ ಉಳಿದಿದ್ರ ಆರು ತಿಂಗಳೊಳಗ ಬೈ ಎಲೆಕ್ಷನ್ ಮಾಡ್ಬೇಕು ಅಂತ. ಲೋಕಸಭೆ ಅವಧಿ 2019ರ ಜೂನ್ 3ರ ತನಕ ಇತ್ತು, ಅಂದ್ರ ಒಂದು ವರ್ಷಕ್ಕಿಂತ ಬರೀ ಕೆಲವು ದಿನ ಜಾಸ್ತಿ ಉಳಿದಿತ್ತು, ಅದಕ್ಕ ಎಲೆಕ್ಷನ್ ನಡೀಬೇಕಾತು.

2018ರ ನವೆಂಬರ್‌ನಾಗ ಉಗ್ರಪ್ಪನೋರು ಶ್ರೀರಾಮುಲು ಅವರ ತಂಗಿ ಜೆ. ಶಾಂತಾ ಅವರ ವಿರುದ್ಧ ಸುಮಾರು 2 ಲಕ್ಷ 43 ಸಾವಿರ ಓಟಿನಿಂದ ಗೆದ್ರು. ನಮ್ ಕಡೆ ಅದು ಸಣ್ಣ ಮಾತಲ್ಲ, ಅವರು ಹೊರಗಿನೋರು ಬ್ಯಾರೆ, ಪಾವಗಡದ ಕಡೆಯೋರು. ವಕೀಲ್ರು, ಎಂಎಲ್‌ಸಿ ಆಗಿದ್ದೋರು, ಹೆಣ್ಮಕ್ಕಳು ಮಕ್ಕಳ ಮ್ಯಾಲಿನ ದೌರ್ಜನ್ಯ ತಡೆಯೋದಕ್ಕ ಸರ್ಕಾರ ಮಾಡಿದ್ದ ಸಮಿತಿಗೆ ಅಧ್ಯಕ್ಷರಾಗಿದ್ರು. ನನಗಂತೂ ಅವರ ಕೆಲಸದಾಗ ಇದೇ ದೊಡ್ಡದು ಅನ್ಸತೈತಿ.

2019ರ ಎಲೆಕ್ಷನ್‌ನಾಗ ಮತ್ತ ನಿಂತ್ರು, ಬಿಜೆಪಿಯ ವೈ. ದೇವೇಂದ್ರಪ್ಪ ವಿರುದ್ಧ 55 ಸಾವಿರ ಚಿಲ್ಲರೆ ಓಟಿಗೆ ಸೋತ್ರು.