ಅಕ್ಕಿ ಗಂಟು ಕಟ್ಟಿಕೊಂಡು ನಾಲ್ಕು ದಿನ

ಅವರನ್ನು ಇಲ್ಲಿ ಶೈಲಾ ಎಂದು ಕರೆಯುತ್ತೇನೆ. ವಯಸ್ಸು 40 ದಾಟಿದೆ. ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಕಸುಬನ್ನೂ ಬದಲಿಸಲು ಹೊರಟಾಗ ಅವರೇ ಬೇಡ ಎಂದರು. "ಊರ್ ತುಂಬಾ ಟೈಲರ್‌ಗಳೇ ಇದೀವಿ ಬಿಡ್ರಿ ಮೇಡಂ. ಯಾರು ಅಂತ ಯಾರಿಗೆ ಗೊತ್ತಾಗುತ್ತೆ?"

ಎರಡು ಮಕ್ಕಳಿಗೆ ಹಾಲು ಕೊಟ್ಟಿದ್ದಾರೆ. ಆಮೇಲೆ ತೂಕ ಏರಿತ್ತು, ಈಗ ಇಳಿಸಿದ್ದಾರೆ. ಎದೆ ಜೋತು ಬಿದ್ದಿದೆ ಎನ್ನುವುದು ಅವರ ಕೊರಗು. ಇಬ್ಬರು ಸರ್ಜನ್‌ಗಳನ್ನು ನೋಡಿ ಬಂದಿದ್ದರು. ಇಲ್ಲಿಯವರು ಬರೀ ಲಿಫ್ಟ್ ಸಾಕು ಎಂದಿದ್ದರು. ಬೆಂಗಳೂರಿನವರು ಜೊತೆಗೆ ಇಂಪ್ಲಾಂಟ್, ಅಂದರೆ ಎದೆಯೊಳಗಿಡುವ ಕೃತಕ ಚೀಲ, ಹಾಕಿದರೇ ಚೆಂದ ಎಂದಿದ್ದರು. ನನ್ನ ಮುಂದೆ ಕೂತು ಕೇಳಿದ್ದು ಒಂದೇ ಮಾತು: "ಯಾವುದು ಮಾಡಿಸ್ಲಿ ಹೇಳಿ."

ನಾನು ಶುರುವಿನಲ್ಲೇ ಎಡವಿದೆ. ಮನೆಯವರು ಏನಾದರೂ ಅಂದರಾ ಎಂದು ಕೇಳಿಬಿಟ್ಟೆ. ಇಂಥ ಆಪರೇಷನ್ ಎಂದರೆ ಹಿಂದೆ ಗಂಡನ ಮಾತು ಇರಲೇಬೇಕು ಅನ್ನೋ ಗುಮಾನಿ ನನ್ನದು. ಶೈಲಾ ಮುಖ ಗಂಟಿಕ್ಕಿದರು. "ಅವರ ಸುದ್ದಿ ಯಾಕ್ರಿ? ಅವರು ನಿನ್ನಿಷ್ಟ ಅಂದಿದಾರೆ. ದಿನಾ ಹತ್ತು ಹೆಂಗಸರ ಅಳತೆ ತಗೋತೀನಿ. ನನ್ನ ಬ್ಲೌಸ್ ಮಾತ್ರ ನನಗೇ ಹೊಂದಲ್ಲ. ಅಷ್ಟೇ." ಆ 'ಅಷ್ಟೇ' ನನಗೆ ಸಾಕಾಯಿತು. ಇದು ಬೇಕೋ ಬೇಡವೋ ಎನ್ನುವ ಚರ್ಚೆಯನ್ನು ಅಲ್ಲಿಗೇ ಬಿಟ್ಟೆ.

ನಾನು ವೈದ್ಯೆ ಅಲ್ಲ. ಯಾವುದು ಎಂದು ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಆ ಇಬ್ಬರು ಸರ್ಜನ್‌ಗಳು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ ಅನ್ನಿಸಿತು. ಲಿಫ್ಟ್ ಎಂದರೆ ಹೆಚ್ಚಾದ ಚರ್ಮ ತೆಗೆದು, ಇರುವ ಮಾಂಸವನ್ನೇ ಮೇಲಕ್ಕೆ ಕೂರಿಸಿ, ತೊಟ್ಟನ್ನು ಎತ್ತರಿಸುವುದು. ಹೊಸದಾಗಿ ಗಾತ್ರ ಬರುವುದಿಲ್ಲ. ಸ್ವಲ್ಪ ಚಿಕ್ಕದಾದಂತೆ ಕಾಣಬಹುದು. ಇಂಪ್ಲಾಂಟ್ ಗಾತ್ರ ಕೊಡುತ್ತದೆ, ಎದೆಯ ಮೇಲ್ಭಾಗ ತುಂಬುತ್ತದೆ. ಆದರೆ ತೊಟ್ಟು ಕೆಳಗಿನ ಮಡಿಕೆಗಿಂತ ಇಳಿದಿದ್ದರೆ ಅದೊಂದರಿಂದಲೇ ಜೋಲು ಹೋಗುವುದಿಲ್ಲ. ಇಷ್ಟು ಹೇಳುವಷ್ಟರಲ್ಲಿ ಶೈಲಾ ನಕ್ಕರು. "ಒಂದು ಟಕ್ಸ್ ಹಿಡಿಯೋದು, ಇನ್ನೊಂದು ಪ್ಯಾಡ್ ಇಡೋದು. ಹಿಂಗೆ ಯಾರೂ ಹೇಳ್ಲೇ ಇಲ್ಲ ನೋಡ್ರಿ."

ಎರಡೂ ಒಟ್ಟಿಗೆ ಮಾಡಿದರೆ? ಅದನ್ನೂ ಅವರ ಭಾಷೆಯಲ್ಲೇ ಕೇಳಿದೆ: ಬಟ್ಟೆ ಬಿಗಿ ಮಾಡಿ ಹೊಲಿದು, ಅದೇ ಹೊತ್ತಿಗೆ ಒಳಗೆ ತುಂಬಿದರೆ ಹೊಲಿಗೆ ಏನಾಗುತ್ತೆ? "ಎಳೀತದೆ" ಎಂದರು. ಅಲ್ವಾ? ಚರ್ಮವೂ ಹಾಗೇ. ಬಿಗಿ ಮಾಡಿದ ಚರ್ಮವನ್ನು ಇಂಪ್ಲಾಂಟಿನ ಭಾರ ಹಿಗ್ಗಿಸುತ್ತದೆ. ಅದಕ್ಕೇ ಎರಡೂ ಕೂಡಿದಾಗ ಮತ್ತೆ ಸರಿಪಡಿಸುವ ಆಪರೇಷನ್ ಬೇಕಾಗುವ ಸಂಭವ ಜಾಸ್ತಿ. ಕೆಲವು ಸರ್ಜನ್‌ಗಳು ಮೊದಲು ಲಿಫ್ಟ್ ಮಾಡಿ, ಕೆಲವು ತಿಂಗಳು ಬಿಟ್ಟು, ಬೇಕೆಂದರೆ ಮಾತ್ರ ಇಂಪ್ಲಾಂಟ್ ಹಾಕುತ್ತಾರೆ.

ಮನೆಗೆ ಒಂದು ಕೆಲಸ ಕೊಟ್ಟು ಕಳಿಸಿದೆ. ಸರಿಯಾದ ಅಳತೆಯ, ಪ್ಯಾಡ್ ಇಲ್ಲದ ಬ್ರಾ ಹಾಕಿ ಕನ್ನಡಿ ಮುಂದೆ ನಿಲ್ಲಿ. ಅದು ಎತ್ತಿ ಹಿಡಿದಾಗ ಕಾಣುವ ಗಾತ್ರ ನಿಮಗೆ ಸಾಕಾ? ಸಾಕೆಂದರೆ ನಿಮಗೆ ಬೇಕಿರುವುದು ಆಕಾರ. ಸಾಲದು ಅನ್ನಿಸಿದರೆ ಗಾತ್ರದ ಮಾತು ಬರುತ್ತದೆ.

ಎರಡು ವಾರ ಬಿಟ್ಟು ಬಂದರು. ನಾನು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಬೆಂಗಳೂರಿನ ಸರ್ಜನ್ 250 ಸಿಸಿ ಎಂದಿದ್ದರಂತೆ. ಅಷ್ಟು ಗಾತ್ರದ ಇಂಪ್ಲಾಂಟ್ ಒಂದೊಂದೂ ಹತ್ತಿರ ಹತ್ತಿರ ಕಾಲು ಕೆಜಿ ತೂಗುತ್ತದೆ. ಶೈಲಾ ಲೈನಿಂಗ್ ಬಟ್ಟೆಯಲ್ಲಿ ಕಾಲು ಕಾಲು ಕೆಜಿ ಅಕ್ಕಿ ಕಟ್ಟಿ, ಬ್ರಾ ಒಳಗಿಟ್ಟುಕೊಂಡು, ನಾಲ್ಕು ದಿನ ಮಷೀನ್ ತುಳಿದಿದ್ದರು! "ಕನ್ನಡೀಲಿ ಚೆಂದಾನೇ ಕಾಣ್ತು ಮೇಡಂ. ಆದ್ರೆ ಸಂಜೆಗೆ ಕುತ್ತಿಗೆ ಹಿಡ್ಕೊಳ್ತು. ಅಕ್ಕಿ ತೆಗೆದ ಮೇಲೆ ಬ್ರಾದಲ್ಲಿ ಕಂಡೋಳೇ ನಾನು ಅನ್ನಿಸ್ತು. ಮೇಲೆ ಸ್ವಲ್ಪ ಖಾಲಿ ಕಾಣ್ತದೆ. ಇರ್ಲಿ."

ಆ 'ಇರ್ಲಿ'ಯನ್ನು ಸುಮ್ನೆ ಬಿಡಲಿಲ್ಲ. ಲಿಫ್ಟ್ ಆದ ಮೇಲೂ ಆ ಖಾಲಿ ಪೂರ್ತಿ ತುಂಬುವುದಿಲ್ಲ. ವರ್ಷಗಳು ಕಳೆದಂತೆ ಎದೆ ಮತ್ತೆ ಸ್ವಲ್ಪ ಇಳಿಯುತ್ತದೆ. ಗಾಯದ ಗುರುತೂ ಉಳಿಯುತ್ತದೆ: ತೊಟ್ಟಿನ ಕಪ್ಪು ಭಾಗದ ಸುತ್ತ, ಅಲ್ಲಿಂದ ಕೆಳಕ್ಕೆ, ಜೋಲು ಹೆಚ್ಚಿದ್ದರೆ ಮಡಿಕೆಯ ಉದ್ದಕ್ಕೂ. ಸಿಸೇರಿಯನ್ ಗಾಯ ಹೇಗೆ ಮಾಗಿತು ಎಂದು ಕೇಳಿದೆ. ಸಪಾಟಾಗಿದೆ ಎಂದರು. ಗಾಯ ಉಬ್ಬಿ ಗಂಟಾಗುವ ಚರ್ಮವಾದರೆ ಸರ್ಜನ್‌ಗೆ ಮೊದಲೇ ಹೇಳಬೇಕು. ತೊಟ್ಟಿನ ಸ್ಪರ್ಶ ಕಡಿಮೆಯಾಗುವ ಸಾಧ್ಯತೆಯೂ ಇದೆ.

ಇಂಪ್ಲಾಂಟ್ ಬಗ್ಗೆಯೂ ಪೂರ್ತಿ ತಿಳಿದೇ ಬಿಡಲಿ ಎಂದು ಹೇಳಿದೆ. ಅದು ಜೀವನಪೂರ್ತಿ ಬಾಳುವ ವಸ್ತುವಲ್ಲ. ಸುತ್ತಲಿನ ಪೊರೆ ಬಿಗಿದು ಗಟ್ಟಿಯಾಗಬಹುದು, ಇಂಪ್ಲಾಂಟೇ ಒಡೆಯಬಹುದು. ಸಿಲಿಕೋನ್ ತುಂಬಿದ್ದು ಸದ್ದಿಲ್ಲದೆ ಒಡೆಯುವುದೂ ಉಂಟು. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹಾಕಿಸಿ 5–6 ವರ್ಷಕ್ಕೆ ಮೊದಲ ಸಲ, ಆಮೇಲೆ 2–3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಎನ್ನುತ್ತದೆ. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಿಗೂ ಲಿಂಫೋಮಾ ಎನ್ನುವ ಒಂದು ಅಪರೂಪದ ಬಗೆಯ ಕ್ಯಾನ್ಸರ್‌ಗೂ ನಂಟಿದೆ. 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಮಾದರಿಯನ್ನು ಜಗತ್ತಿನಾದ್ಯಂತ ವಾಪಸ್ ಪಡೆದದ್ದು ಇದಕ್ಕೇ. ಯಾವ ಮೇಲ್ಮೈ, ಯಾವ ಕಂಪನಿ, ಇಂಪ್ಲಾಂಟಿನ ವಿವರ ಇರುವ ಕಾರ್ಡ್ ಕೊಡ್ತೀರಾ, ಮುಂದೆ ಬದಲಿಸುವ ಖರ್ಚು ಯಾರದು ಎಂದು ಬರೆದುಕೊಂಡು ಹೋಗಿ ಕೇಳಿ ಎಂದೆ. ಅಂದಕ್ಕಾಗಿ ಮಾಡಿಸುವ ಆಪರೇಷನ್‌ಗೆ ವಿಮೆ ಸಿಗುವುದಿಲ್ಲ. ಶೈಲಾ ಚೀಟಿ ದುಡ್ಡಿನ ಲೆಕ್ಕದಲ್ಲಿದ್ದರು.

ಮತ್ತೆರಡು ಮಾತು. ತೂಕ ಇನ್ನೂ ಇಳಿಯುತ್ತಿದೆ ಎಂದರು. ಹಾಗಾದರೆ ಕಾಯಿರಿ, ಒಂದೇ ಕಡೆ ನಿಂತು ಕೆಲವು ತಿಂಗಳಾಗಲಿ ಎಂದೆ. ಆಪರೇಷನ್‌ಗೆ ಮೊದಲು ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ಬೇಕಾ ಎಂದು ಸರ್ಜನ್‌ನ ಕೇಳಿ ಎಂದೂ ಹೇಳಿದೆ.

ನಮ್ಮಿಬ್ಬರಿಗೂ ಹೊಂದದೆ ಹೋದದ್ದು ಅತ್ತೆಯ ವಿಷಯ. ಎದೆಯಲ್ಲಿ ಗಂಟಿತ್ತು, ತೆಗೆಸಿದೆ ಅಂತ ಹೇಳೋದು ಶೈಲಾ ಅವರ ಲೆಕ್ಕಾಚಾರ. ನಾನು ಬೇಡವೇ ಬೇಡ ಎಂದೆ. ಗಂಟು ಅಂದ ಕೂಡಲೇ ಮನೆಮಂದಿ ಕ್ಯಾನ್ಸರ್ ಅಂದುಕೊಳ್ಳುತ್ತಾರೆ, ನಿಮ್ಮ ಮಗಳೂ ಸೇರಿ. ನಾಳೆ ಅವಳು ಡಾಕ್ಟರ ಮುಂದೆ ಕೂತಾಗ ಅಮ್ಮನಿಗೆ ಗಂಟಿತ್ತು ಎಂದೇ ಬರೆಸುತ್ತಾಳೆ. ಅಗತ್ಯವಿದ್ದಷ್ಟೇ ಹೇಳಿ, ಸುಳ್ಳು ಕಾಯಿಲೆ ಕಟ್ಟಬೇಡಿ. ಶೈಲಾಗೆ ಇದು ಹಿಡಿಸಲಿಲ್ಲ. "ನಿಮಗೆ ನಮ್ಮತ್ತೆ ಗೊತ್ತಿಲ್ಲ ಬಿಡಿ" ಎಂದು ಎದ್ದು ಹೋದರು.

ಆರು ತಿಂಗಳ ಮೇಲೆ ಫೋನ್ ಬಂತು. ಬರೀ ಲಿಫ್ಟ್. ಇಲ್ಲಿಯ ಸರ್ಜನ್ ಹತ್ತಿರವೇ. ಆಷಾಢದಲ್ಲಿ ಮದುವೆ ಇರಲ್ಲ, ಹೊಲಿಗೆ ಕಮ್ಮಿ, ಅದಕ್ಕೇ ಆವಾಗ ದಿನ ಹಿಡಿದಿದ್ದಾರೆ. ಕೆಲವು ವಾರ ಭಾರ ಎತ್ತುವಂತಿಲ್ಲವಾದ್ದರಿಂದ ವರಮಹಾಲಕ್ಷ್ಮಿ ಹಬ್ಬದ ಬ್ಲೌಸ್‌ಗಳನ್ನು ತಂಗಿಗೆ ಒಪ್ಪಿಸುತ್ತಾರಂತೆ.

"ಅತ್ತೆಗೆ ಹೇಳಿದ್ರಾ?" ಎಂದೆ.

"ಇನ್ನೂ ಇಲ್ಲ ಮೇಡಂ. ಮೊದ್ಲು ಈ ರಾಶಿ ಹೊಲಿದು ಮುಗಿಸ್ತೀನಿ."